ಓದಾಕ ಬರ್ತೈತಿ, ತಿಳೀವಲ್ದು

ಮಕ್ಕಳು ಗಡಗಡನೆ ಓದಿದರೆ ಎಲ್ಲರಿಗೂ ಸಂತೋಷ. ನನಗೆ ಮಾತ್ರ ಸಂತೋಷಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಮೊನ್ನೆ ನನ್ನ ಮೊಮ್ಮಗಳು ಕೆಮ್ಮಿನ ಔಷಧಿಯ ಸೀಸೆಯ ಮೇಲಿದ್ದ ಬರಹವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿ, ಯಾರು ಏನನ್ನುತ್ತಾರೋ ಎಂದು ಸುತ್ತ ನೋಡಿದಳು. ಮನೆಯವರೆಲ್ಲ ಶಹಬ್ಬಾಸ್ ಎಂದರು. ನಾನು ಕನ್ನಡಕ ತೆಗೆದು, "ಏನಂತ ಅದವ್ವಾ ಅದರಾಗ?" ಎಂದೆ. "ಈಗ ಓದಿದ್ನಲ್ಲ ತಾತ!" ಎಂದು ಅವಳು ಓಡಿಯೇಬಿಟ್ಟಳು. ಸೊಸೆ ನಕ್ಕಳು. ಮಗ, "ಅಪ್ಪಗ ಮೇಷ್ಟ್ರಿಕಿ ಇನ್ನೂ ಬಿಟ್ಟಿಲ್ಲ" ಎಂದ. ಮೇಷ್ಟ್ರಿಕೆ ಬಿಟ್ಟು ಬಹಳ ಕಾಲವಾಯಿತು. ಬಿಡದೆ ಉಳಿದಿರುವುದು ಭಯ.

ಭಯದ ವಿಷಯ ಬಂದಿತೆಂದರೆ, ನಾನು ಹುಟ್ಟಾ ಪುಕ್ಕಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸಪೇಟೆಯ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಲ್ಲಿ ಲೊಚಗುಟ್ಟಿದರೆ ಹೆದರುತ್ತಿದ್ದೆ, ರೈಲು ಕೂಗಿದರೆ ಹೆದರುತ್ತಿದ್ದೆ. ಸಂಡೂರಿನ ಸೋದರಮಾವನ ಮನೆಗೆ ಗಾಡಿಯಲ್ಲಿ ಹೋಗುವಾಗ ಗುಡ್ಡದ ತಿರುವಿನಲ್ಲಿ ಎತ್ತುಗಳು ಕಿವಿ ನಿಮಿರಿಸಿದರೆ ಸಾಕು, ಚಿರತೆಯೇ ಬಂತೆಂದು ಅಮ್ಮನ ಸೆರಗಿನೊಳಗೆ ತಲೆ ಹುದುಗಿಸುತ್ತಿದ್ದೆ. ಹಂಪಿಗೆ ಹೋದರಂತೂ, ಒಂದರ ಮೇಲೊಂದು ಕೂತ ಆ ಬಂಡೆಗಳು ನಾನು ಕೆಳಗೆ ಹಾದುಹೋಗುವ ಗಳಿಗೆಗಾಗಿಯೇ ಇಷ್ಟು ಕಾಲ ಕಾದಿವೆ ಎನಿಸುತ್ತಿತ್ತು. ಉಸಿರು ಬಿಗಿಹಿಡಿದು ದಾಟುತ್ತಿದ್ದೆ. ಆದರೆ ಬಂಡೆ, ಚಿರತೆ ಎಲ್ಲಕ್ಕಿಂತ ನಾನು ಹೆಚ್ಚು ಹೆದರುತ್ತಿದ್ದುದು 'ಅರ್ಥ' ಎಂಬ ಮಾತಿಗೆ.

ಆಗ ಓದುವುದೆಂದರೆ ಕೂಗುವುದು. ಯಾರ ದನಿ ಓಣಿಯ ಕೊನೆಯವರೆಗೆ ಹೋಗುತ್ತದೋ ಅವನು ಜಾಣ. ನಾನು ಪಾಠಗಳನ್ನು ಎಷ್ಟು ಗಟ್ಟಿಯಾಗಿ ಬಾಯಿಪಾಠ ಮಾಡಿದ್ದೆನೆಂದರೆ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಓದುತ್ತಿದ್ದೆ. ಪುಟ ಮಗುಚುವುದನ್ನು ಮಾತ್ರ ಮರೆಯುತ್ತಿದ್ದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಅಪ್ಪನಿಗೆ ಇದರಿಂದ ಬಹಳ ಹೆಮ್ಮೆ. ಮನೆಗೆ ಯಾರು ಬಂದರೂ ನನ್ನನ್ನು ಕರೆದು ಓದಿಸುವರು.

ಒಮ್ಮೆ ಅಜ್ಜಿಯ ತಮ್ಮ ತೀರಿಕೊಂಡ ಸುದ್ದಿ ಬಂದು, ನಾಲ್ಕು ಜನ ನೆಂಟರು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರ ಮನಸ್ಸು ಸ್ವಲ್ಪ ಬೇರೆ ಕಡೆ ಹೊರಳಲಿ ಎಂದು ಅಪ್ಪ ನನ್ನ ಕೈಗೆ ಪುಸ್ತಕ ಕೊಟ್ಟರು. ನಾನು ರಾಗವಾಗಿ ಶುರುಮಾಡಿದೆ. ಪಾಠದ ಕೊನೆಯಲ್ಲಿ, ಪ್ರಜೆಗಳೆಲ್ಲ ನೋಡುತ್ತಿರುವಂತೆಯೇ ಅರಸನು ಅಸುನೀಗಿದನು ಎಂದಿತ್ತು. ಅಸುನೀಗುವುದೆಂದರೆ ಮುಗುಳ್ನಗುವುದು ಎಂದು ನನ್ನ ತಿಳಿವಳಿಕೆ. ಹಾಗಾಗಿ ಆ ಸಾಲಿಗೆ ಬಂದಾಗ, ಓದಿಗೆ ಒಂದು ಕಳೆ ಬರಲೆಂದು ನಾನೂ ಎಲ್ಲರ ಮುಖ ನೋಡಿ ಮುಗುಳ್ನಕ್ಕೆ. ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದರು. ಹಿರಿಯರೊಬ್ಬರು, "ಯಾಕೋ ನಗ್ತೀ?" ಎಂದು ಗದರಿದರು. "ಅರಸ ನಕ್ಕನಲ್ಲ, ಅದಕ್ಕ" ಎಂದೆ. ಮುಂದೆ ಏನಾಯಿತೆಂದು ಕೇಳಬೇಡಿ. ಆ ದಿನದಿಂದ ಪುಸ್ತಕ ತೆರೆದಾಗಲೆಲ್ಲ, ಯಾವ ಪದದ ಹಿಂದೆ ಯಾವ ಹೆಣ ಮಲಗಿದೆಯೋ ಎಂದು ದಿಗಿಲಾಗತೊಡಗಿತು.

ಇಂಥ ನಾನು ಮೇಷ್ಟ್ರಾದೆ. ಬಳ್ಳಾರಿಯಲ್ಲಿ ಟ್ರೈನಿಂಗು ಮುಗಿಸಿ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಕೂತು ಕಂಪ್ಲಿಗೆ ಬಂದೆ. ಬಸ್ಸಿನ ಬೆನ್ನಿಗೆ ಕಟ್ಟಿದ್ದ ಆ ಇದ್ದಿಲ ಡ್ರಮ್ಮು ಈಗ ಸಿಡಿಯುತ್ತದೆ, ಇನ್ನೇನು ಸಿಡಿಯುತ್ತದೆ ಎಂದು ನಾನು ದಾರಿಯುದ್ದಕ್ಕೂ ಮುಂದಿನ ಸೀಟಿನ ಸರಳನ್ನು ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ರುಕ್ಮಿಣಿ, ತೊಡೆಯ ಮೇಲೆ ತುಳಸಿಯ ಸಣ್ಣ ಕುಂಡ ಇಟ್ಟುಕೊಂಡು, ಕಿಟಕಿಯಿಂದ ಹೊರಗೆ ಕಬ್ಬಿನ ಗದ್ದೆಗಳನ್ನು ನೋಡುತ್ತ ನಿರಾಳವಾಗಿದ್ದಳು. ನಮಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಅಗ್ರಹಾರದ ಕಡೆ ಮನೆ ಸಿಗಲಿಲ್ಲ. ಹೊಳೆದಂಡೆಗೆ ಹತ್ತಿರ, ಹರಗೋಲು ನಡೆಸುವವರ ಕೇರಿಯ ಅಂಚಿನಲ್ಲಿ ಎರಡು ಕೋಣೆಯ ಮನೆಯೊಂದನ್ನು ಹಿಡಿದೆವು. ಶಾಲೆ ಅಲ್ಲಿಂದ ಕೂಗಳತೆಯಲ್ಲಿ. ಕೂಗಳತೆ ಎಂದು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಹೆಡ್ಮಾಸ್ತರು ಭೀಮಸೇನರಾಯರಿಗೆ ಶಾಲೆಯೆಂದರೆ ಊರಿಗೆ ಕೇಳಿಸಬೇಕು. ಅವರು ಜಗಲಿಯ ಮೇಲೆ ಕುರ್ಚಿ ಹಾಕಿ ಕಣ್ಣು ಮುಚ್ಚಿ ಕೂತುಕೊಳ್ಳುವರು. ಒಳಗಿನ ಮೊರೆತ ಸ್ವಲ್ಪ ತಗ್ಗಿದರೆ ಕಣ್ಣು ತೆರೆಯುವರು.

ನನಗೆ ಎರಡನೇ ತರಗತಿ ಕೊಟ್ಟರು. ಮೊದಲ ದಿನ ಮಕ್ಕಳು ಓದಿದ ರಭಸಕ್ಕೆ ನಾನೇ ಗಾಬರಿಯಾದೆ. ಒಂದು ಅಕ್ಷರ ತಪ್ಪಿಲ್ಲ, ಒಂದು ತೊದಲಿಲ್ಲ. ಮುಂದಿನ ಸಾಲಿನಲ್ಲಿ ಹುಲಿಗೆವ್ವ ಎಂಬ ಹುಡುಗಿ ಕೂತಿದ್ದಳು. ಹರಗೋಲಿನ ತಿಮ್ಮಪ್ಪನ ಮಗಳು. ಲಂಗದ ಅಂಚು ಯಾವಾಗಲೂ ಒದ್ದೆ. ಅವಳು ಎದ್ದು ನಿಂತು, ನದಿಯು ಪರ್ವತದಲ್ಲಿ ಹುಟ್ಟಿ ಬಯಲಿನಲ್ಲಿ ಪ್ರವಹಿಸಿ ಸಮುದ್ರವನ್ನು ಸೇರುತ್ತದೆ ಎಂಬ ಪಾಠವನ್ನು ಬಾಣ ಬಿಟ್ಟಂತೆ ಓದಿದಳು. ನನಗೆ ಯಾಕೋ ಕೇಳಬೇಕೆನಿಸಿತು.

"ನದಿ ಅಂದ್ರ ಏನವ್ವ?"

"ಪಾಠ್ರೀ."

"ಪಾಠ ಹೌದು. ಅದು ಎಲ್ಲಿರ್ತದ?"

"ಪುಸ್ತಕದಾಗ್ರಿ."

"ನೀನು ನೋಡಿಲ್ಲೇನು ನದೀನ?"

ಹುಲಿಗೆವ್ವ ಮುಖ ಸಣ್ಣದು ಮಾಡಿಕೊಂಡು, "ಇಲ್ರೀ ಮೇಷ್ಟ್ರ. ನಾವು ಬಡವ್ರು ಅದೀವ್ರಿ" ಎಂದಳು.

ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ತುಂಗಭದ್ರೆ ಹರಿಯುತ್ತಿತ್ತು. ಅವಳ ಅಪ್ಪನ ಹರಗೋಲು ಅದರ ಮೇಲೆ ಬುಗುರಿಯಂತೆ ತಿರುಗುತ್ತ ಆಚೆ ದಡಕ್ಕೆ ಹೋಗುತ್ತಿತ್ತು. ಅವಳ ಪಾಲಿಗೆ ಅದು ಹೊಳೆ. ನದಿ ಎಂಬುದು ಯಾವುದೋ ಸಿರಿವಂತರ ಮನೆಯ ವಸ್ತು.

ನಗು ಬರಬೇಕಾಗಿತ್ತು. ಬರಲಿಲ್ಲ. ತರಗತಿಯನ್ನು ದಿಟ್ಟಿಸಿ ನೋಡಿದೆ. ಎಲ್ಲ ಮಕ್ಕಳ ಮುಖದಲ್ಲೂ ಒಂದೇ ಹೆದರಿಕೆ ಇತ್ತು, ಮುಂದೆ ಯಾರನ್ನು ಕೇಳುತ್ತಾನೋ ಎಂದು. ತಿಳಿಯಲಿಲ್ಲ ಎಂದರೆ ಬೆನ್ನಿಗೆ ಏಟು ಬೀಳುತ್ತದೆ ಎಂಬುದೊಂದೇ ಅವರು ಪೂರ್ತಿ ಅರ್ಥ ಮಾಡಿಕೊಂಡಿದ್ದ ಪಾಠ. ಅಸುನೀಗಿದ ಅರಸನ ಜೊತೆ ನಕ್ಕಿದ್ದ ಹುಡುಗ ಸಾಲುಸಾಲಾಗಿ ನನ್ನೆದುರು ಕೂತಿದ್ದ.

ಇದರ ಮೇಲೆ ಇನ್ನೊಂದು ಭಯ. ತಪಾಸಣೆ ಹತ್ತಿರ ಬರುತ್ತಿತ್ತು. ಈ ಸಲ ಬರುವ ಇನ್‌ಸ್ಪೆಕ್ಟರು ಓದಿಸಿ ಬಿಡುವವರಲ್ಲ, ಅರ್ಥ ಕೇಳುತ್ತಾರೆ ಎಂದು ಸುದ್ದಿ. ಪಕ್ಕದ ಫಿರ್ಕಾದ, ಎಂದರೆ ಹೋಬಳಿಯ, ಮೇಷ್ಟ್ರೊಬ್ಬರು ಅವರೆದುರು ಬೆವರಿ ಕುರ್ಚಿಯಿಂದ ಜಾರಿದರಂತೆ ಎಂದೂ ಹೇಳಿದರು. ಅಂದಿನಿಂದ ನನ್ನ ಕುರ್ಚಿಯಲ್ಲಿ ಕೂರುವಾಗ ನಾನು ಕೈಹಿಡಿ ಹಿಡಿದೇ ಕೂರುತ್ತಿದ್ದೆ.

ನನಗೆ ತೋಚಿದ್ದನ್ನು ಮಾಡಿದೆ. ದೊಡ್ಡ ಉಪಾಯವೇನಲ್ಲ. ಮೊದಲು ಕೂಗುವುದನ್ನು ನಿಲ್ಲಿಸಿದೆ. ಒಂದು ಸಾಲನ್ನು ಕಣ್ಣಿನಿಂದ ಓದುವುದು, ಅಲ್ಲೇ ನಿಲ್ಲುವುದು. ಆಗ ನಾನು "ಏನಂತ?" ಎನ್ನುವೆ. ಅವರು ತಮ್ಮ ಮನೆಯ ಮಾತಿನಲ್ಲಿ ಹೇಳಬೇಕು. ಪುಸ್ತಕದ ಮಾತು ಬಂದರೆ ಲೆಕ್ಕಕ್ಕಿಲ್ಲ. ನದಿಯ ಪಾಠಕ್ಕೆ ಎಲ್ಲರನ್ನೂ ದಂಡೆಗೆ ಕರೆದುಕೊಂಡು ಹೋದೆ. ನಾನು ನೀರಿಗೆ ಹೆದರಿ ಮೇಲಿನ ಬಂಡೆಯ ಮೇಲೇ ನಿಂತೆ. ಮಕ್ಕಳು ಮೊಣಕಾಲವರೆಗೆ ಇಳಿದು, "ಮೇಷ್ಟ್ರ, ಪ್ರವಹಿಸಾಕತ್ತೈತ್ರಿ! ಕಾಲಿಗೆ ಹತ್ತೈತಿ ನೋಡ್ರಿ!" ಎಂದು ಕುಣಿದರು.

ಆದರೆ ತಿಳಿಯದ ಪದ ಬಂದಾಗ ತಿಳಿಯಲಿಲ್ಲ ಎಂದು ಬಾಯಿಬಿಡಲು ಒಬ್ಬರೂ ತಯಾರಿರಲಿಲ್ಲ. ಹೊಡೆಯುವುದಿಲ್ಲ ಎಂದೆ. ನಂಬಲಿಲ್ಲ. ಬೆತ್ತವನ್ನು ಮಾಡಿನ ಮೇಲೆಸೆದೆ. ಆಗಲೂ ನಂಬಲಿಲ್ಲ, ಇಳಿಸಲು ಮೇಷ್ಟ್ರಿಗೆ ಎಷ್ಟು ಹೊತ್ತು ಎಂದುಕೊಂಡಿರಬೇಕು. ಕೊನೆಗೆ ಆದದ್ದು ಹೀಗೆ. ಒಂದು ದಿನ, ನಿಮ್ಮ ಮನೆಯ ಸುದ್ದಿ ಏನಾದರೂ ಸ್ಲೇಟಿನ ಮೇಲೆ ಬರೆಯಿರಿ ಎಂದಿದ್ದೆ. ಹುಲಿಗೆವ್ವ, 'ನಮ್ಮಪ್ಪನ ಹುಟ್ಟು ಮುರಿದೈತಿ' ಎಂದು ಬರೆದಿದ್ದಳು. ಹೊಸಪೇಟೆಯಲ್ಲಿ ಕಾಲುವೆ ನೋಡಿ ಬೆಳೆದ ನನಗೆ ಹುಟ್ಟು ಎಂದರೆ ಜನ್ಮ. ಪಾಪ, ತಿಮ್ಮಪ್ಪನ ಜಾತಕದಲ್ಲಿ ಏನೋ ದೋಷ ಕಂಡಿದೆ ಎಂದು ಮನಸ್ಸು ಕಳವಳಗೊಂಡಿತು. ಎಷ್ಟು ಓದಿದರೂ ಬಗೆಹರಿಯದೆ, ನನಗೇ ಅರಿವಿಲ್ಲದೆ ಗಟ್ಟಿಯಾಗಿ, "ತಿಳೀವಲ್ದು" ಎಂದುಬಿಟ್ಟೆ.

ಎಲ್ಲ ಮಕ್ಕಳೂ ಬಾಗಿಲ ಕಡೆ ನೋಡಿದರು. ಹೆಡ್ಮಾಸ್ತರು ಬಂದು ನನ್ನ ಬೆನ್ನಿಗೆ ಎರಡು ಬಿಗಿಯುವುದನ್ನು ಅವರು ಕಾಯುತ್ತಿದ್ದರು. ಯಾರೂ ಬರಲಿಲ್ಲ. ಹುಲಿಗೆವ್ವ ಮೆಲ್ಲಗೆ ಎದ್ದು, ಎರಡು ಕೈಯಿಂದ ಗಾಳಿಯಲ್ಲಿ ನೀರು ತಳ್ಳಿ ತೋರಿಸಿ, "ಹರಗೋಲಿಗೆ ಹಾಕ್ತಾರಲ್ರೀ ಮೇಷ್ಟ್ರ, ಕಟಿಗೀದು" ಎಂದಳು. "ಓಹೋ, ಈಗ ತಿಳೀತು" ಎಂದೆ. ಅಷ್ಟೆ. ಮರುದಿನದಿಂದ 'ತಿಳೀವಲ್ದು'ಗಳ ಮಳೆಯೇ ಶುರುವಾಯಿತು. 'ಆದ್ದರಿಂದ' ಅಂದರೆ ಏನು, 'ಸಹ' ಅಂದರೆ ಯಾರು ಎಂದೆಲ್ಲ ಕೇಳಿ ನನ್ನ ನೀರಿಳಿಸಿದರು. ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವಳು ಹುಲಿಗೆವ್ವ. ತಿಳಿಯದ ಪದ ಸಿಕ್ಕರೆ ಅದರ ಮೇಲೆ ಬೆರಳಿಟ್ಟು, ಹೇಳುವವರೆಗೆ ಬೆರಳು ಎತ್ತುತ್ತಿರಲಿಲ್ಲ.

ಹೆಡ್ಮಾಸ್ತರಿಗೆ ಇದು ಸರಿಬರಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತರು.

"ಏನ್ರೀ, ನಿಮ್ಮ ಕ್ಲಾಸಿನಾಗ ಸದ್ದೇ ಇಲ್ಲಲ್ಲ. ಸತ್ತವರ ಮನಿ ಇದ್ದಂಗ ಅದ."

"ಓದ್ಲಿಕ್ಕೆ ಹತ್ಯಾರ್ರಿ ಸರ್" ಎಂದೆ.

"ಯಾವ ಬಾಯಿಂದ?"

"ಮನಸ್ಸಿನಾಗ್ರಿ."

"ಮನಸ್ಸಿನಾಗ ಓದಿದ್ದು ಇನ್‌ಸ್ಪೆಕ್ಟರಿಗೆ ಹೆಂಗ ಕೇಳಿಸ್ತದ್ರೀ? ತಪಾಸಣಿ ಆಗೋತನಕ ಒಂದು ಸ್ವಲ್ಪ ಕೂಗಿಸ್ರಿ. ಆಮ್ಯಾಲೆ ಬೇಕಾದ್ರ ಮನಸ್ಸಿನಾಗ ಓದ್ಲಿ."

ಆಗಲಿ ಎಂದೆ. ಆದರೆ ಇನ್‌ಸ್ಪೆಕ್ಟರು ಬರಲಿಲ್ಲ. ಅವರಿಗಿಂತ ಮೊದಲು ವಾಂತಿಭೇದಿ ಬಂತು.

ಆ ಕಾಲದಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಆ ಕಡೆ ಓಣಿಗೆ ಬಂದೈತಂತ" ಎನ್ನುವರು, ಅಷ್ಟಕ್ಕೇ ಕೇಳಿದವರ ಮುಖ ಬಿಳಿಚಿಕೊಳ್ಳುವುದು. ಬಾಗಿಲುಗಳಿಗೆ ಬೇವಿನ ಸೊಪ್ಪು ಬಂತು. ಶಾಲೆಗೆ ಬರುವ ಮಕ್ಕಳು ದಿನದಿನಕ್ಕೆ ಕಡಿಮೆಯಾದರು. ಹಾಜರಿ ಕೂಗುವಾಗ ಉತ್ತರ ಬಾರದ ಹೆಸರಿನ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಹೊರಗಿನಿಂದ ಹಲಗೆಯ ಸದ್ದು ಕೇಳಿದರೆ, ಅದು ಡಂಗುರದ್ದೋ ಹೆಣದ ಮುಂದಿನದೋ ಎಂದು ಕಿವಿಗೊಡುತ್ತಿದ್ದೆ. ಕೊನೆಗೆ ಶಾಲೆ ಮುಚ್ಚಿದರು. ಡಂಗುರದ ಸದ್ದೂ ನಿಂತಿತು. ಡಂಗುರ ಸಾರುವವನೇ ಹಾಸಿಗೆ ಹಿಡಿದಿದ್ದ.

ಮುಂಗಾರಿನ ಹೊಳೆ ಕೆಂಪಗೆ ಉಕ್ಕಿ ಬಂದಿತ್ತು. ಹಾಗಾಗಿ ಕುಡಿಯುವುದಕ್ಕೂ ಕೇರಿಯ ಬಾವಿಯ ನೀರೇ ಗತಿ. ಒಂದು ಬೆಳಿಗ್ಗೆ ರುಕ್ಮಿಣಿ ಎಂದಿನಂತೆ ಬೇಗ ಹೋಗಿ ಒಂದು ಕೊಡ ತಂದಿಟ್ಟು, ಎರಡನೆಯದಕ್ಕೆ ಹೋಗಿದ್ದಳು. ನಾನು ಒಂದು ತಂಬಿಗೆ ನೀರು ಕುಡಿದು ಹಜಾರದಲ್ಲಿ ಕೂತಿದ್ದೆ. ಅವಳು ಖಾಲಿ ಕೊಡ ಹಿಡಿದುಕೊಂಡು ಓಡಿಬಂದಳು. ರುಕ್ಮಿಣಿ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಜಲ್ದಿ ಬರ್ರಿ. ನಿಮ್ಮ ಹುಲಿಗಿ ಬಾವಿ ಹಗ್ಗ ಹಿಡಕೊಂಡು ಕೂತಾಳ. ಯಾರಿಗೂ ಸೇದಗೊಡವಲ್ಲಳು. ಅವರವ್ವ ಬಡಿಲಿಕ್ಕೆ ಹೊಂಟಾಳ. ನಮ್ಮ ಮೇಷ್ಟ್ರನ್ನ ಕರಕೊಂಡು ಬರ್ರಿ ಅಂತ ನನಗ ಹೇಳಿ ಕಳಿಸ್ಯಾಳ."

ಹೋಗುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟು. ಬಾವಿಯ ಕಲ್ಲುಕಂಬಕ್ಕೆ ಯಾರೋ ಒಂದು ಕಾಗದ ಅಂಟಿಸಿಹೋಗಿದ್ದಾರೆ. ಹಿಟ್ಟಿನ ಅಂಗಡಿಯ ಪಂಪಣ್ಣ ಬಂದು ಅದನ್ನು ಎಲ್ಲರಿಗೂ ಓದಿ ಹೇಳಿದ. ಪಂಪಣ್ಣನೆಂದರೆ ಸಂಜೆ ಗುಡಿಯಲ್ಲಿ ಪುರಾಣ ಓದುವವನು, ಕೇರಿಯಲ್ಲಿ ಅವನ ಓದಿಗೆ ಎದುರಿಲ್ಲ. ಅವನು ರಾಗವಾಗಿ ಓದಿದ್ದನ್ನು ಕೇಳಿ ಹೆಂಗಸರು ಕೈಮುಗಿದು, ಸರ್ಕಾರದವರು ಏನೋ ಒಳ್ಳೆಯದನ್ನೇ ಬರೆದಿದ್ದಾರೆ ಎಂದುಕೊಂಡು ಹಗ್ಗಕ್ಕೆ ಕೈಹಾಕಿದರು. ಅಷ್ಟರಲ್ಲಿ ಹುಲಿಗೆವ್ವ ಬಂದಳಂತೆ.

ನಾವು ಹೋದಾಗ ಬಾವಿಯ ಸುತ್ತ ಜಗಳವೇ ನಡೆದಿತ್ತು. ಹುಲಿಗೆವ್ವ ಹಗ್ಗವನ್ನು ಸುರುಳಿ ಮಾಡಿ, ಅದರ ಮೇಲೆ ಕೂತು, ಎರಡು ಕೈಯಿಂದಲೂ ಅಪ್ಪಿಕೊಂಡಿದ್ದಳು. ಕೆನ್ನೆಯ ಮೇಲೆ ಬೆರಳು ಮೂಡಿತ್ತು. ಅವಳ ತಾಯಿ ನಿಂಗವ್ವ, "ಏಳಲೇ! ಮೂರಕ್ಷರ ಬಂತಂದ್ರ ಊರಿಗೆ ನೀರು ಬ್ಯಾಡಂತಿಯೇನು?" ಎಂದು ರಟ್ಟೆ ಹಿಡಿದು ಎಳೆಯುತ್ತಿದ್ದಳು.

ಪಂಪಣ್ಣ ನನ್ನನ್ನು ಕಂಡು, "ಬರ್ರಿ ಮೇಷ್ಟ್ರ. ನಾ ಸ್ವಚ್ಛ ಓದೀನಿ. ಉದಕ ಅಂತ ಐತಿ, ಉಪಯೋಗ ಅಂತ ಐತಿ. ಇದರಾಗ ಏನು ತಪ್ಪೈತಿ ಹೇಳ್ರಿ" ಎಂದ.

ಹುಲಿಗೆವ್ವ ನನ್ನನ್ನು ನೋಡಿದ್ದೇ ತಡ, ತಡೆಹಿಡಿದಿದ್ದ ಅಳು ಒಡೆಯಿತು. "ಮೇಷ್ಟ್ರ, ಓದಾಕ ಬರ್ತೈತ್ರಿ, ತಿಳೀವಲ್ದು! ಇವ್ರಿಗೂ ತಿಳಿದಿಲ್ರಿ. ತಿಳೀದಂಗ ಸೇದಾಕತ್ತಾರ್ರಿ!"

ಕಂಬದ ಬಳಿ ಹೋದೆ. ಅಂಟು ಇನ್ನೂ ಹಸಿಯಾಗಿತ್ತು. ಸರ್ಕಾರದ ಮುದ್ರೆಯ ಕೆಳಗೆ, ಈ ಕೂಪದ ಉದಕವು ದೂಷಿತವಾಗಿರುವುದರಿಂದ ಪುನರಾಜ್ಞೆಯ ಪರ್ಯಂತರ ತದುಪಯೋಗವು ನಿಷೇಧಿಸಲ್ಪಟ್ಟಿದೆ ಎಂದಿತ್ತು.

ಮೊದಲ ಸಲ ಓದಿದಾಗ ನನಗೂ ಅದು ಮಂತ್ರದಂತೆಯೇ ಕೇಳಿಸಿತು. ಎರಡನೆಯ ಸಲ ಪದಪದವಾಗಿ ಓದಿದೆ.

"ಏನಂತ್ರೀ ಮೇಷ್ಟ್ರ?" ಎಂದಳು ನಿಂಗವ್ವ.

"ಈ ಬಾವಿ ನೀರು ಕೆಟ್ಟೈತಿ. ಮತ್ತ ಹೇಳೋತನಕ ಯಾರೂ ಮುಟ್ಟಬ್ಯಾಡ್ರಿ ಅಂತ ಬರದಾರ."

ಹುಲಿಗೆವ್ವ ಬರುವ ಮೊದಲೇ ಸೇದಿಕೊಂಡಿದ್ದ ಮುದುಕಿಯೊಬ್ಬಳ ಸೊಂಟದ ಕೊಡ ಜಾರಿ ಕಲ್ಲಿನ ಮೇಲೆ ಒಡೆಯಿತು. ಹರಿದು ಬಂದ ನೀರಿನಿಂದ ಹೆಂಗಸರು ಹಾವು ಕಂಡಂತೆ ಕಾಲು ಹಿಂದೆಗೆದುಕೊಂಡರು. ಪಂಪಣ್ಣ ಕಾಗದವನ್ನೂ ನನ್ನನ್ನೂ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು ಅಲ್ಲೇ ಕೂತುಬಿಟ್ಟ. ನಿಂಗವ್ವ ಮಗಳ ರಟ್ಟೆ ಬಿಟ್ಟು, ಬೆರಳು ಮೂಡಿದ ಕೆನ್ನೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತಳು. ನಾನು ತಿರುಗಿ ರುಕ್ಮಿಣಿಯ ಮುಖ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಮೊದಲನೆಯ ಕೊಡ ಇತ್ತು. ಇಬ್ಬರೂ ಅದರಿಂದ ಕುಡಿದಿದ್ದೆವು.

ಆ ದಿನವೆಲ್ಲ ನಾನು ನನ್ನ ಹೊಟ್ಟೆಗೆ ಕಿವಿಗೊಟ್ಟು ಕೂತಿದ್ದೆ. ಸ್ವಲ್ಪ ಗುಳುಗುಳು ಎಂದರೆ, ಬಂತು ಎಂದುಕೊಳ್ಳುವೆ. ಸುಮ್ಮನಿದ್ದರೆ, ಯಾಕೆ ಸುಮ್ಮನಿದೆ ಎಂದು ಹೆದರುವೆ. ರುಕ್ಮಿಣಿ ಆ ಕೊಡದ ನೀರನ್ನು ಹಿತ್ತಲಲ್ಲಿ ಚೆಲ್ಲಿ, ಕೊಡವನ್ನು ಬೋರಲು ಹಾಕಿ, "ಕುಡದದ್ದಂತೂ ಕುಡದಾಗೇದ. ಇನ್ನ ಹೆದರಿ ಏನು ಬಂತು?" ಎಂದಳು.

ಬಂದದ್ದು ನನಗಲ್ಲ. ಮರುದಿನ ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋದಳು. ಮತ್ತೆ ಹೋದಳು. ಮೂರನೆಯ ಸಲ ಎದ್ದು ನಿಲ್ಲಲು ಆಗಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಅವಳ ಕಣ್ಣು ಒಳಗೆ ಹೋಗಿ, ಕೈಬೆರಳಿನ ಚರ್ಮ ನೀರಿನಲ್ಲಿ ನೆನೆಸಿಟ್ಟಂತೆ ಸುಕ್ಕುಗಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಬಂದು ಸೂಜಿ ಹಾಕಿ, ಒಂದು ಸೀಸೆ ಔಷಧಿಯನ್ನೂ ಒಂದು ಕಾಗದವನ್ನೂ ಕೊಟ್ಟರು. "ಇನ್ನೂ ಹತ್ತು ಮನಿಗೆ ಹೋಗೂದದ. ಇದರಾಗ ಎಲ್ಲಾ ಬರದದ. ಹಂಗೇ ಮಾಡ್ರಿ" ಎಂದು ಹೊರಟುಹೋದರು. ಅವರ ಗಾಡಿ ನಮ್ಮ ಬಾಗಿಲಲ್ಲಿ ನಿಂತದ್ದೇ ಸಾಕಾಯಿತು. ಎದುರುಮನೆಯ ಬಾಗಿಲು ಮುಚ್ಚಿತು, ಆಮೇಲೆ ಅದರ ಪಕ್ಕದ್ದು.

ಹೊಸಿಲಲ್ಲಿ ನಿಂತು ಕಾಗದ ಓದಿದೆ. ಅಕ್ಷರಗಳು ಸ್ಪಷ್ಟವಾಗಿದ್ದವು. ಕೊನೆಯವರೆಗೂ ಓದಿದೆ. ಮುಗಿದ ಮೇಲೆ ನೋಡಿದರೆ ತಲೆಯಲ್ಲಿ ಏನೂ ಇಲ್ಲ. ಮತ್ತೆ ಓದಿದೆ, ಈ ಸಲ ಗಟ್ಟಿಯಾಗಿ. ಒಳಗೆ ರುಕ್ಮಿಣಿ ನರಳುತ್ತಿದ್ದಳು, ಹೊರಗೆ ನನ್ನ ದನಿ ರಾಗ ಹಿಡಿದು ಓಡುತ್ತಿತ್ತು. ಎಷ್ಟು ಸಲ ಹಾಗೆ ಓದಿದೆನೋ ತಿಳಿಯದು. ಒಂದು ಮಾತೂ ಒಳಗಿಳಿಯಲಿಲ್ಲ.

"ಮೇಷ್ಟ್ರ, ನಿಂದ್ರಿ."

ತಲೆಯೆತ್ತಿದೆ.

ಅಂಗಳದಲ್ಲಿ ಹುಲಿಗೆವ್ವ ನಿಂತಿದ್ದಳು. ತಲೆಯ ಮೇಲಿನ ಮಣ್ಣಿನ ಗಡಿಗೆಯಿಂದ ಹಬೆ ಏಳುತ್ತಿತ್ತು. ಆಚೆ ಬೇವಿನ ಮರದ ಕೆಳಗೆ ನಿಂಗವ್ವ.

"ಆಚಿ ದಂಡಿ ಒರತಿ ನೀರ್ರಿ. ಅಪ್ಪ ತಂದಾನ. ಅವ್ವ ಕಾಸ್ಯಾಳ" ಎಂದು ಗಡಿಗೆ ಇಳಿಸಿದಳು. ಆಮೇಲೆ ನನ್ನ ಕೈಯ ಕಾಗದ ನೋಡಿದಳು. "ಒಂದು ಸಾಲು ಓದ್ರಿ, ಸಾಕು."

ಓದಿದೆ.

"ನಿಂದ್ರಿ. ಏನಂತ?"

ನಾನು ಬಾಯಿ ತೆರೆದೆ. ಬಂದದ್ದು ಕಾಗದದ ಮಾತೇ. ಹುಡುಗಿ ಅವಸರ ಮಾಡಲಿಲ್ಲ, ನಗಲೂ ಇಲ್ಲ. ಮತ್ತೆ ಅದೇ ಸಾಲು ಓದಿಸಿದಳು. ಎರಡನೆಯ ಸಲಕ್ಕೆ, "ಕಾಸಿ ಆರಿಸಿದ ನೀರಿಗೆ ಚೂರು ಉಪ್ಪು ಹಾಕಿ... ಸ್ವಲ್ಪ ಸ್ವಲ್ಪ ಕುಡಸಬೇಕಂತ. ವಾಂತಿ ಆದ್ರೂ ಬಿಡಬಾರದಂತ" ಎಂದೆ. ಹೇಳುತ್ತಿದ್ದಂತೆ ನನಗೇ ಅರ್ಥವಾಯಿತು. ವಾಂತಿಯಾಗುತ್ತದೆಂದು ಹೆದರಿ ನಾನು ಅವಳಿಗೆ ಅದುವರೆಗೆ ಒಂದು ಹನಿ ನೀರೂ ಕೊಟ್ಟಿರಲಿಲ್ಲ.

"ಉಪ್ಪು ಎಲ್ಲೈತ್ರಿ?" ಎಂದಳು ಹುಲಿಗೆವ್ವ.

ನಮ್ಮ ಮನೆಯಲ್ಲಿ ಮಡಿಯ ನೀರು ಎಂದರೆ ಏನೆಂದು ನಾನು ನಿಮಗೆ ವಿವರಿಸಬೇಕಾಗಿಲ್ಲ. ಹರಗೋಲಿನವರ ಮನೆಯ ಗಡಿಗೆಯ ಮುಂದೆ ಒಂದು ಗಳಿಗೆ ನಾನು ಕೈ ಚಾಚದೆ ನಿಂತದ್ದೂ ನಿಜ. ಒಳಗಿನಿಂದ ರುಕ್ಮಿಣಿ, ಅರ್ಧ ಗಾಳಿ ಅರ್ಧ ಮಾತಿನಲ್ಲಿ, "ತಗೋರಿ" ಎಂದಳು. ತೆಗೆದುಕೊಂಡೆ. ಹುಲಿಗೆವ್ವ ಹೊಸಿಲಾಚೆ ಕೂತು ಮುಂದಿನ ಸಾಲು ಓದಿಸಿದಳು, ಆಮೇಲೆ ಅದರ ಮುಂದಿನದು. ಬಟ್ಟೆ ಸುಡುವುದು, ಕೈಗೆ ಸುಣ್ಣದ ನೀರು, ಔಷಧಿ ಎಷ್ಟು ಹೊತ್ತಿಗೊಮ್ಮೆ ಎಂಬುದೆಲ್ಲ ಹಾಗೇ ಒಂದೊಂದಾಗಿ ತಲೆಗೆ ಇಳಿಯಿತು. ಚಮಚದಿಂದ ಹನಿಹನಿಯಾಗಿ ಕುಡಿಸಿದೆ. ಹೊರಗೆ ಬಂತು. ಮತ್ತೆ ಕುಡಿಸಿದೆ.

ಮರುದಿನ ಬೆಳಗಾದಾಗ ಬಾಗಿಲಲ್ಲಿ ಒಂದು ಹೊರೆ ಸೌದೆ ಇತ್ತು. ಯಾರೆಂದು ನೋಡಲು ಓಣಿಯ ತಿರುವಿನವರೆಗೆ ಹೋದೆ. ಭೀಮಸೇನರಾಯರು ಕೋಟಿನ ಬೆನ್ನಿಗೆ ಅಂಟಿದ ಕಟ್ಟಿಗೆಯ ಪುಡಿಯ ಸಮೇತ ಸರಸರನೆ ನಡೆದು ಹೋಗುತ್ತಿದ್ದರು. ಜೀವಮಾನವೆಲ್ಲ ಸದ್ದನ್ನು ಪ್ರೀತಿಸಿದ ಮನುಷ್ಯ, ಹೊರೆಯನ್ನು ಒಂದಿಷ್ಟೂ ಸದ್ದಾಗದಂತೆ ಇಳಿಸಿದ್ದರು.

ರುಕ್ಮಿಣಿ ಉಳಿದಳು. ಹೇಗೆ ಎಂದು ಕೇಳಿದರೆ ಡಾಕ್ಟರ ಸೂಜಿಯಿಂದಲೋ, ಉಪ್ಪುನೀರಿನಿಂದಲೋ, ಅವಳ ಗಟ್ಟಿತನದಿಂದಲೋ ನನಗೆ ಗೊತ್ತಿಲ್ಲ. ಕೇರಿಯಲ್ಲಿ ಹಿಂದಿನ ದಿನವೇ ನೀರು ತಂದಿಟ್ಟುಕೊಂಡಿದ್ದ ಮನೆಗಳಲ್ಲಿ ಇಬ್ಬರು ಹೋದರು. ಒಡೆದ ಕೊಡದ ಮುದುಕಿ ಅವರಲ್ಲಿ ಒಬ್ಬಳು. ಆ ಬೆಳಿಗ್ಗೆ ಹಗ್ಗ ಮತ್ತೆ ಬಾವಿಗೆ ಇಳಿದಿದ್ದರೆ ಇನ್ನೆಷ್ಟು ಮನೆಗಳಾಗುತ್ತಿದ್ದವೋ ಎಂದು ಯೋಚಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಗೋಡೆಗೆ ಒರಗಿ ಕೂರುವಷ್ಟು ಶಕ್ತಿ ಬಂದ ಮೇಲೆ, ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತ ಅವಳು ಹೇಳಿದಳು.

"ಒಂದು ಮಾತು ಹೇಳ್ಲ್ಯಾ? ನಾ ಮೊದಲನೇ ಕೊಡ ಸೇದೂ ಮುಂದನ ಆ ಕಾಗದ ಅಲ್ಲಿತ್ತು."

ನಾನು ಗಂಜಿಯ ಸೌಟು ಕೆಳಗಿಟ್ಟೆ.

"ನೋಡಿದೆ ನಾನು. ಅದರ ಬಾಜೂಕ ಕೈ ಊರೇ ಹಗ್ಗ ಎಳದೆ. ನನಗ ಅದು ಇರಿವಿ ಸಾಲು ಹೊಂಟಂಗ ಕಂಡ್ತು." ಬಟ್ಟಲು ಕೆಳಗಿಟ್ಟಳು. "ನನಗ ಓದಲಿಕ್ಕೆ ಕಲಸ್ರಿ."

"ನಾಳಿಂದನ ಶುರು ಮಾಡೋಣು" ಎಂದೆ.

ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು. "ನೀವು ಬ್ಯಾಡ್ರಿ. ನೀವು ಹೆದರಸಂಗಿಲ್ಲ, ಖರೆ. ಆದ್ರ ನಾ ಒಂದು ಅಕ್ಷರ ತಪ್ಪಿದ್ರ ನೀವೇ ಹೆದರ್ತೀರಿ. ನಿಮ್ಮನ್ನ ಸಮಾಧಾನ ಮಾಡೂದ್ರಾಗ ಹೊತ್ತು ಹೋಗ್ತದ. ಹುಲಿಗಿನ್ನ ಕಳಸ್ರಿ."

ಶಾಲೆ ಮತ್ತೆ ತೆರೆದ ಮೇಲೆ ಹುಲಿಗೆವ್ವ ಸಂಜೆ ನಮ್ಮ ಮನೆಗೆ ಬರತೊಡಗಿದಳು. ಇಬ್ಬರೂ ಹಜಾರದಲ್ಲಿ ಎದುರುಬದುರು ಕೂತುಕೊಳ್ಳುವರು, ನಡುವೆ ಸ್ಲೇಟು. ನಾನು ಅಲ್ಲಿರಕೂಡದೆಂದು ಅಪ್ಪಣೆಯಾಗಿತ್ತು. ಹಾಗಾಗಿ ಬಾಗಿಲ ಹಿಂದೆ ಉಸಿರು ಹಿಡಿದು ನಿಲ್ಲುತ್ತಿದ್ದೆ. ಅಕ್ಷರಗಳು ಮುಗಿದವು, ಕಾಗುಣಿತ ಮುಗಿಯಿತು. ಒಂದು ಸಂಜೆ ಬಳಪದ ಕಿರುಗುಟ್ಟುವಿಕೆ ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು.

"ಇದನ್ನ ಓದ್ರಿ ಅಮ್ಮಾರ. ಮನಸ್ಸಿನಾಗ."

ರುಕ್ಮಿಣಿಯ ಬಳೆಯೊಂದು ನೆಲಕ್ಕೆ ತಾಗಿತು. ಬೆರಳಿನಿಂದ ಅಕ್ಷರ ಹಿಡಿದು ಹೋಗುತ್ತಿದ್ದಳೆಂದು ತೋರುತ್ತದೆ.

"ಏನಂತ್ರಿ?"

ಉತ್ತರ ಬರಲಿಲ್ಲ. ಯಾವ ಅಕ್ಷರದಲ್ಲಿ ಸಿಕ್ಕಿಕೊಂಡಳೋ, ಈಗ ಒಳಗೆ ಹೋಗಿ ಹೇಳಿಕೊಡಲೇ ಎಂದು ಚಿಲಕದ ಮೇಲೆ ಕೈಯಿಟ್ಟೆ. ಆಗ ಅವಳು ಏಳುವ ಸದ್ದಾಯಿತು. ಹೆಜ್ಜೆಗಳು ಅಡಿಗೆಮನೆಯ ಕಡೆ ಹೋದವು. ಒಲೆ ಊದುವುದು ಕೇಳಿಸಿತು. ಆಮೇಲೆ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟ ಸದ್ದು.

ನಾನು ಬಾಗಿಲು ಸರಿಸಿ ಇಣುಕಿದೆ. ಹಜಾರದಲ್ಲಿ ಹುಲಿಗೆವ್ವ ಒಬ್ಬಳೇ ಕೂತಿದ್ದಳು. ಸ್ಲೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: 'ನೀರು ಕಾಸ್ರಿ.'